ಪೆನ್ನಿ ಫಾರ್ದಿಂಗ್‌ನ 50 ಇಂಚಿನ ಚಕ್ರ: ಶೆಡ್ಡಿನಲ್ಲೇ ಮಾಡಿದ ನನ್ನ ಅನುಭವ

ಪೆನ್ನಿ ಫಾರ್ದಿಂಗ್ ಅಂದರೆ ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ ಇರುವ ಹಳೇ ಕಾಲದ ಸೈಕಲ್. ಅದರ ಮುಂದಿನ ಚಕ್ರದ ಯು ಆಕಾರದ ರಿಮ್ ಮನೆಯಲ್ಲಿ ರೋಲ್ ಮಾಡೋಕಾಗಲ್ಲ ಅಂತ ಬೆಂಗಳೂರಿನ ಪೀಣ್ಯದಲ್ಲಿ ಕೇಳಿದವರೆಲ್ಲ ಹೇಳಿದರು. "ಯು ಸೆಕ್ಷನ್ ಗೋಡೆ ನಿಲ್ಲಲ್ಲ ಸಾರ್, ಸುಮ್ನೆ ದುಡ್ಡು ಹಾಳು." ಈಗ ಚಕ್ರ ಶೆಡ್ಡಿನಲ್ಲಿ ತಿರುಗುತ್ತಿದೆ. ಬೆಂಡ್ ಒಂದೂವರೆ ಮಿಲಿಮೀಟರ್ ಒಳಗಿದೆ. ಹೇಳಿದವರಲ್ಲಿ ಇಬ್ಬರು ಬಂದು ಅಳೆಯುವ ಡಯಲ್ ಗೇಜ್ ಇಟ್ಟು ನೋಡಿಕೊಂಡು ಹೋದರು.

50 ಇಂಚೇ ಯಾಕೆ? ನನ್ನ ಕಾಲಿಗೆ ಅದೇ ಸರಿಹೋಗುತ್ತದೆ. ಜೊತೆಗೆ, 1886ರಲ್ಲಿ ಲಾಹೋರಿನಿಂದ ಕಲ್ಕತ್ತಾವರೆಗೆ ತುಳಿದ, ಸೈಕಲ್ಲಿನಲ್ಲಿ ಜಗತ್ತು ಸುತ್ತಿದ ಥಾಮಸ್ ಸ್ಟೀವನ್ಸ್‌ನ ಕೊಲಂಬಿಯಾ ಗಾಡಿಯೂ 50 ಇಂಚಿನದೇ. ಆ ರಸ್ತೆಗಳನ್ನು ತಡೆದುಕೊಂಡಿದೆ ಅಂದಮೇಲೆ ನಮ್ಮ ಬಡಾವಣೆಯ ಹಂಪ್ ಯಾವ ಲೆಕ್ಕ?

ರಿಮ್ಮಿಗೆ 16 ಗೇಜ್ ಶೀಟು. ಸುತ್ತಳತೆ ಹತ್ತಿರ 3.8 ಮೀಟರ್, ಸಿಗುವ ಶೀಟು 8 ಅಡಿಯದು. ಹಾಗಾಗಿ ಎರಡು ಅರ್ಧ, ಎರಡು ಜೋಡಣೆ. ತುದಿಗಳು ರೋಲರಿಗೆ ಸಿಗದೆ ನೆಟ್ಟಗೇ ಉಳಿಯುತ್ತವೆ. ಅದಕ್ಕೆ ಎರಡೂ ಕಡೆ ಒಂದು ಗೇಣು ಜಾಸ್ತಿ ಬಿಟ್ಟು ಆಮೇಲೆ ಕತ್ತರಿಸಬೇಕು. ಮೊದಲು ಒಂದು ರೋಲಿಂಗ್ ಅಂಗಡಿಗೆ ಕೊಟ್ಟಿದ್ದೆ. ತಳದಲ್ಲಿ ಸುಕ್ಕು, ಗೋಡೆ ಒಂದೊಂದು ಕಡೆ ಒಂದೊಂದು ಥರ. ಎರಡು ಸಾವಿರ ಚಿಲ್ಲರೆ ಹೋಯಿತು, ವಾಪಸ್ ಸಿಕ್ಕಿದ್ದು ಗುಜರಿಗೆ ಹಾಕುವ ಮಾಲು.

ಆಮೇಲೆ ಇಎನ್8 ಉಕ್ಕಿನ ಸರಳಿನಲ್ಲಿ ಮೂರು ರೋಲರ್ ನಾನೇ ಲೇತಿನಲ್ಲಿ ಕಡೆದೆ. ಒಳಗೆ ಕೂರುವ ನಾಲಿಗೆ ಎರಡಕ್ಕೆ, ತೋಡು ಒಂದಕ್ಕೆ. ಒತ್ತೋಕೆ ಬಾಟಲ್ ಜಾಕ್, ತಿರುಗಿಸೋಕೆ ಕೈಹಿಡಿ. ಮೊದಲ ತುಂಡು ಚಕ್ಕುಲಿಯಾಯಿತು. ಬಗ್ಗಿತು, ಆದರೆ ಜೊತೆಗೆ ತಿರುಚಿಕೊಂಡು ಮೇಲೆದ್ದಿತು. ಹೊರಬರುವ ಕಡೆ ಎರಡು ಬೇರಿಂಗ್ ಗೈಡ್ ಹಾಕಿದ ಮೇಲೆ ತಿರುಚೋದು ನಿಂತಿತು. ಗೋಡೆ ನಿಂತದ್ದು ಮಾತ್ರ ಯು ಒಳಗೆ ತುಂಬಿದ ವಸ್ತುವಿನಿಂದ. ಅದೇನು ಅಂತ ಇಲ್ಲಿ ಬರೆಯಲ್ಲ. ಮರಳಲ್ಲ, ಸೀಸವೂ ಅಲ್ಲ. ಜಾಕನ್ನು ಒಂದೇ ಸಲ ಏರಿಸಬೇಡಿ, ಪ್ರತಿ ಓಟಕ್ಕೂ ಕೂದಲಷ್ಟು ಸಾಕು. ಬೇಸರ ಬರುತ್ತೆ, ಇರಲಿ.

ಚಕ್ರದ ನಡುವಿನ ಹಬ್ಬಿನ ಕೆಲಸ ಸುಲಭ. ಒಟ್ಟು 60 ಕಡ್ಡಿ (ಸ್ಪೋಕು), ಹಬ್ಬಿನ ಎರಡು ಬದಿಯ ತಟ್ಟೆಗಳಲ್ಲಿ, ಅಂದರೆ ಫ್ಲಾಂಜಿನಲ್ಲಿ, ಒಂದೊಂದಕ್ಕೆ 30. ಸುತ್ತನ್ನು ಸಮಭಾಗ ಮಾಡುವ ಡಿವೈಡಿಂಗ್ ಹೆಡ್ಡಿನ ಕೈಹಿಡಿಗೆ ಪ್ರತಿ ಕಡ್ಡಿಗೂ ಒಂದು ಪೂರ್ತಿ ಸುತ್ತು, ಮೇಲೆ 18ರ ಸಾಲಿನಲ್ಲಿ 6 ತೂತು. ಅಷ್ಟೇ.

ತಲೆ ತಿಂದದ್ದು ಕಡ್ಡಿ. ಎರಡು ಅಡಿಯ ಸ್ಪೋಕು ಯಾವ ಸೈಕಲ್ ಅಂಗಡಿಯಲ್ಲೂ ಇಲ್ಲ. 12 ಗೇಜ್ ಸ್ಟೇನ್‌ಲೆಸ್ ತಂತಿ ತಂದು ಡೈ ಹಾಕಿ ಥ್ರೆಡ್ ಕತ್ತರಿಸಿದರೆ, ಬಿಗಿ ಮಾಡುವಾಗ ಥ್ರೆಡ್ಡಿನ ಬುಡದಲ್ಲೇ ಟಣ್ ಅಂತ ತುಂಡು. ಥ್ರೆಡ್ ಕತ್ತರಿಸಬಾರದು, ರೋಲ್ ಮಾಡಬೇಕು. ಶಿವಾಜಿನಗರದ ಗುಜರಿಯಲ್ಲಿ ಹಳೇ ಸ್ಪೋಕ್ ಥ್ರೆಡ್ ರೋಲಿಂಗ್ ಯಂತ್ರವೊಂದು ಸಿಕ್ಕಿತು. ಚೌಕಾಸಿ ಮಾಡಿ ಮೂರೂವರೆ ಸಾವಿರಕ್ಕೆ ಇಳಿಸಿದೆ. ಆಮೇಲೆ ಒಂದು ಕಡ್ಡಿಯೂ ಮುರಿದಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಹಳೇ ಥರ ಇರಲಿ ಅಂತ ಮೊದಲು ಕಡ್ಡಿಗಳನ್ನು ನೇರ ಜೋಡಿಸಿದ್ದೆ. ನೋಡೋಕೆ ಚೆಂದ. ಆದರೆ ಪೆಡಲಿನ ಕ್ರ್ಯಾಂಕ್ ಹಬ್ಬಿಗೇ ಕೂತಿರುವುದರಿಂದ, ತುಳಿದರೆ ಮೊದಲು ಹಬ್ ಜಗ್ಗುತ್ತದೆ, ಆಮೇಲೆ ರಿಮ್ ಹೊರಡುತ್ತದೆ. ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲೇ ಟ್ಯಾಂಜೆಂಟ್ ಕಡ್ಡಿಗೆ, ಅಂದರೆ ಓರೆಯಾಗಿ ಹೆಣೆಯುವ ಕಡ್ಡಿಗೆ, ಪೇಟೆಂಟ್ ತಗೊಂಡದ್ದು ಸುಮ್ನೆ ಅಲ್ಲ. ಎಲ್ಲ ಬಿಚ್ಚಿ ಓರೆಯಾಗಿ ಹೆಣೆದೆ, ಜಗ್ಗುವುದು ಹೋಯಿತು.

ಟೈರಿಗೆ ನಡುವೆ ತೂತಿರುವ ಗಟ್ಟಿ ರಬ್ಬರ್ ಬೇಕು. ನನಗೆ ಬೇಕಾದದ್ದು ನಾಲ್ಕು ಮೀಟರ್, ತಯಾರಿಸುವವರು 50 ಮೀಟರ್‌ಗಿಂತ ಕಡಿಮೆ ಕೊಡಲ್ಲ. ವೆಲ್ಡಿಂಗ್ ಗ್ಯಾಸಿನ ಹೋಸ್ ಹಾಕಿ ನೋಡಿದೆ. ನಾನು ಕೂತ ತಕ್ಷಣ ಚಪ್ಪಟೆ. ಒಳಗೆ ಹಗ್ಗ ತುರುಕಿದೆ, ಹೋಸ್ ರಿಮ್ಮಿನಿಂದ ಎದ್ದು ಬಂತು. ಕೊನೆಗೆ 50 ಮೀಟರೂ ಕೊಂಡೆ. ರಬ್ಬರನ್ನು ಸುತ್ತಳತೆಗಿಂತ ನಾಲ್ಕು ಬೆರಳು ಜಾಸ್ತಿ ಬಿಟ್ಟು, ಒಳಗೆ ತಂತಿ ಹಾಯಿಸಿ, ಬಿಗಿದು, ತಂತಿಯ ತುದಿಗಳನ್ನು ಬ್ರೇಜ್ ಮಾಡಬೇಕು, ಅಂದರೆ ಕಾಯಿಸಿ ಬೆಸೆಯಬೇಕು. ಹಿಂದೆ ಒತ್ತಿ ಹಿಡಿದ ರಬ್ಬರು ಬಿಟ್ಟ ಕೂಡಲೇ ತಾನೇ ಜೋಡಣೆಯನ್ನು ಮುಚ್ಚಿಕೊಳ್ಳುತ್ತದೆ. ಬ್ರೇಜ್ ಮಾಡುವಾಗ ಅದು ಸುಡದ ಹಾಗೆ ನೋಡಿಕೊಳ್ಳೋದು ನಿಮ್ಮ ಕೈಚಳಕ.

ಖರ್ಚು? ಹಾಳಾದದ್ದೂ ಸೇರಿ ಹತ್ತೊಂಬತ್ತು, ಇಪ್ಪತ್ತು ಸಾವಿರ ಆಗಿರಬೇಕು. ಹೊರದೇಶದಿಂದ ತರಿಸಿದ್ದರೆ ಸಾಗಣೆ, ಕಸ್ಟಮ್ಸ್ ಸೇರಿ ಇದರ ಎರಡರಷ್ಟಾದರೂ ಆಗುತ್ತಿತ್ತು. ಈಗ ಫೋರ್ಕ್ ಮತ್ತು ಬೆನ್ನಿನ ಪೈಪು ಬಾಕಿ. ಹಿಂದಿನ ಚಕ್ರಕ್ಕೆ ಮಕ್ಕಳ ಸೈಕಲ್ಲಿನ ರಿಮ್ ತೆಗೆದಿಟ್ಟಿದ್ದೇನೆ. ರಬ್ಬರ್ ಇನ್ನೂ 45 ಮೀಟರ್ ಬಿದ್ದಿದೆ, ಚಕ್ರ ಮಾಡುವವರಿದ್ದರೆ ಕೊಂಡ ರೇಟಿಗೇ ಕೊಡುತ್ತೇನೆ.