ಕಡ್ಲೆಮಿಠಾಯಿ ಕಂಪೌಂಡ್: ನಾನು ಕಟ್ಟುವ ರೀತಿ

ಸೆಂಟಿನ ಕ್ಯಾಟಲಾಗುಗಳಲ್ಲಿ ಪ್ರಾಲೀನ್ ಎಂದು ಬರೆದಿರುವುದರ ಒಳಗೆ ಇರುವುದು ಎರಡೇ: ಹುರಿದ ಬೀಜ, ಕೆಂಪಗೆ ಕಾದ ಸಕ್ಕರೆ. ಫ್ರಾನ್ಸಿನಲ್ಲಿ ಆ ಬೀಜ ಬಾದಾಮಿ ಅಥವಾ ಹೇಜಲ್‌ನಟ್. ಮಂಡ್ಯದ ಮೂಗಿಗೆ ಅದೇ ಜಾಗದಲ್ಲಿ ಕೂರುವುದು ಬೆಲ್ಲದ ಕಡ್ಲೆಮಿಠಾಯಿ. ಮೈಸೂರಿನ ಊದುಬತ್ತಿ ಕೆಲಸಕ್ಕೂ ಮೈಗೆ ಹಚ್ಚುವ ಎಣ್ಣೆ ಅತ್ತರಿಗೂ ನಾನು ಕಟ್ಟುವುದು ಇದೇ ವಾಸನೆಯ ಕಂಪೌಂಡನ್ನು, ಅಂದರೆ ಹಲವು ವಾಸನೆ ಸರಕುಗಳ ಬೆರಕೆಯನ್ನು.

ಮೊದಲು ಮೂಸಿ ಹೋಲಿಸಲು ಮಾದರಿ ಬೇಕು. ಒಂದು ಹಿಡಿ ಕಡಲೆಬೀಜ ಸಿಪ್ಪೆ ಚಿಟಪಟ ಬಿಡುವವರೆಗೆ ಹುರಿದು, ಕಪ್ಪು ಬೆಲ್ಲದ ಪಾಕಕ್ಕೆ ಹಾಕಿ. ಆಲೆಮನೆಯಲ್ಲಿ ಬೆಲ್ಲ ಇಳಿಸುವುದು ಸುಮಾರು 118ರಿಂದ 120 ಡಿಗ್ರಿಗೆ. ಮಿಠಾಯಿ ಪಾಕ 150ರ ಹತ್ತಿರ ಹೋಗುತ್ತದೆ, ತಣ್ಣೀರಿಗೆ ಬಿಟ್ಟ ಹನಿ ತಟ್ಟೆಗೆ ಹಾಕಿದರೆ ಟಣ್ ಎನ್ನಬೇಕು. ನಮಗೆ ಬೇಕಾದ ವಾಸನೆ ಹುಟ್ಟುವುದು ಈ ನಡುವಿನ ಮೂವತ್ತು ಡಿಗ್ರಿಯಲ್ಲಿ. ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ ಬೆಲ್ಲ ಮಾದರಿಗೆ ಬೇಡ. ಇನ್ನು ಈ ಮಿಠಾಯಿಯನ್ನೇ ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆಯುವ ಆಸೆ ಬಿಡಿ. ಗಟ್ಟಿ ಸ್ಪಿರಿಟ್ಟಿನಲ್ಲಿ ಸಕ್ಕರೆ ಕರಗುವುದಿಲ್ಲ, ಕಡಲೆಯ ಎಣ್ಣೆ ಕೆಲವೇ ವಾರಗಳಲ್ಲಿ ಕಮಟುತ್ತದೆ.

ತೂಕಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿ ಸಾಕು, ಆದರೆ ಎಲ್ಲವನ್ನೂ ಮೊದಲೇ ಡಿಪಿಜಿಯಲ್ಲಿ (ಡೈಪ್ರೊಪಿಲೀನ್ ಗ್ಲೈಕಾಲ್, ವಾಸನೆಯಿಲ್ಲದ ದ್ರಾವಕ) ತೆಳುಮಾಡಿಕೊಂಡಿರಬೇಕು. ಶೇ. 1 ಎಂದರೆ 0.10 ಗ್ರಾಂ ಸರಕು, 9.90 ಗ್ರಾಂ ಡಿಪಿಜಿ. ಅದರಲ್ಲಿ 1 ಗ್ರಾಂ ತೆಗೆದು 9 ಗ್ರಾಂ ಡಿಪಿಜಿಗೆ ಸೇರಿಸಿದರೆ ಶೇ. 0.1. ಕಾದ ಸಕ್ಕರೆ ವಾಸನೆಯ ಈಥೈಲ್ ಮಾಲ್ಟಾಲ್, ವೆನಿಲ್ಲಾ ವಾಸನೆಯ ವೆನಿಲಿನ್, ಒಣಹುಲ್ಲಿನ ವಾಸನೆಯ ಕೂಮರಿನ್ ಮೂರೂ ಹರಳು. ಶೇ. 10ಕ್ಕೆ ಕರಗಿಸಲು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ತಿರುಗಿಸಬೇಕು. ತಳದಲ್ಲಿ ಒಂದು ಹರಳು ಉಳಿದರೂ ಲೆಕ್ಕ ತಪ್ಪುತ್ತದೆ. ಕಬ್ಬಿಣದ ಚಮಚ ಮುಟ್ಟಿಸಬೇಡಿ. ಈಥೈಲ್ ಮಾಲ್ಟಾಲ್‌ಗೆ ಕಬ್ಬಿಣ ಸೋಕಿದರೆ ದ್ರಾವಣ ಕೆಂಪಿಗೆ ತಿರುಗುತ್ತದೆ. ಗಾಜಿನ ಕಡ್ಡಿ ಇರಲಿ.

20 ಗ್ರಾಂ ಕಂಪೌಂಡಿಗೆ ನನ್ನ ಅಳತೆ ಹೀಗೆ. ಶೇ. 10ರ ದ್ರಾವಣಗಳಲ್ಲಿ ಈಥೈಲ್ ಮಾಲ್ಟಾಲ್ 6 ಗ್ರಾಂ, ವೆನಿಲಿನ್ 4, ಕೂಮರಿನ್ 2, ಕೊಬ್ಬರಿ ವಾಸನೆಯ ಗ್ಯಾಮಾ ನೋನಾಲ್ಯಾಕ್ಟೋನ್ 1, ಹಾಲಿನ ಕೆನೆಯಂಥ ಡೆಲ್ಟಾ ಡೆಕಾಲ್ಯಾಕ್ಟೋನ್ 1, ಗಂಧದೆಣ್ಣೆ 1, ಲಾವಂಚದೆಣ್ಣೆ 0.6. ಶೇ. 1ರಲ್ಲಿ ಹುರಿದ ವಾಸನೆಯ ಅಸಿಟೈಲ್ ಪೈರಜಿನ್ 1.5, ಟ್ರೈಮೀಥೈಲ್ ಪೈರಜಿನ್ 1, ಏಲಕ್ಕಿ ಎಣ್ಣೆ 0.3. ಶೇ. 0.1ರ ಸೋಟೋಲಾನ್ 0.8. ಉಳಿದ 0.8 ಗ್ರಾಂ ಬರೀ ಡಿಪಿಜಿ.

ಸಿಹಿ ಕಟ್ಟುವುದು ಸುಲಭ. ಈಥೈಲ್ ಮಾಲ್ಟಾಲ್ ಒಂದೇ ಸಾಕು, 1992ರಲ್ಲಿ ಬಂದ ಏಂಜೆಲ್ ಸೆಂಟಿನಲ್ಲಿ ಅದನ್ನು ಪಚೌಲಿ ಎಲೆಯ ಎಣ್ಣೆಗೆ ಜೋಡಿಸಿದ ಮೇಲೆ ಜಗತ್ತೇ ಅದರ ಹಿಂದೆ ಬಿತ್ತು. ಆದರೆ ಅದು ಜಾತ್ರೆಯ ಬೊಂಬಾಯಿ ಮಿಠಾಯಿ, ಬೆಲ್ಲವಲ್ಲ. ಅದನ್ನು ಬೆಲ್ಲ ಮಾಡುವುದು ಸೋಟೋಲಾನ್. ಮೆಂತ್ಯದಲ್ಲಿರುವುದೂ ಕಚ್ಚಾ ಕಬ್ಬಿನ ಸಕ್ಕರೆಯಲ್ಲಿರುವುದೂ ಇದೇ. 0.8 ಗ್ರಾಂಗೆ ಆಲೆಮನೆ, 2 ಗ್ರಾಂ ದಾಟಿತೋ ಮೆಂತ್ಯದ ಹುಳಿ. ಒಮ್ಮೆ ಹೆಚ್ಚಾದರೆ ಮುಚ್ಚಿಹಾಕುವ ಸರಕಿಲ್ಲ, ಇಡೀ ಕಂಪೌಂಡನ್ನು ನಾಲ್ಕು ಪಾಲು ದೊಡ್ಡದು ಮಾಡುವುದೊಂದೇ ದಾರಿ.

ಹುರಿದ ವಾಸನೆ ಪೈರಜಿನ್‌ಗಳದ್ದು, ನಿಜವಾದ ಕಷ್ಟ ಇಲ್ಲಿ. ಇವನ್ನು ಕೊನೆಗೇ ಹಾಕುತ್ತೇನೆ, ಅದೂ ಹೇಳಿದ ಅಳತೆಯ ಅರ್ಧ ಹಾಕಿ, ಮೂಸಿ, ಮತ್ತೆ ಹನಿಹನಿಯಾಗಿ. ಜಾಸ್ತಿಯಾದರೆ ತಳ ಹತ್ತಿದ ಪಾಪ್‌ಕಾರ್ನ್. ಶುದ್ಧ ಪೈರಜಿನ್ ಬಾಟಲಿಯನ್ನು ಕೆಲಸದ ಕೋಣೆಯಲ್ಲಿ ತೆರೆಯಲೇಬಾರದು, ಹಿತ್ತಲಲ್ಲಿ ಕೈಗವಸು ಹಾಕಿ ತೆಳುಮಾಡಿಕೊಂಡು ಬರಬೇಕು. ಇಲ್ಲದಿದ್ದರೆ ಅಂದು ಮೂಸಿದ್ದೆಲ್ಲ ಹುರಿಗಡಲೆ. ಬಾದಾಮಿ ಬೇಕೆಂದು ಬೆಂಜಾಲ್ಡಿಹೈಡ್ ಸುರಿಯುವವರಿದ್ದಾರೆ. ಅದು ಕಹಿಬಾದಾಮಿ, ಕಡಲೆಗೆ ಸಂಬಂಧವಿಲ್ಲ, ಮಿಠಾಯಿ ಕೆಮ್ಮಿನ ಸಿರಪ್ಪಾಗುತ್ತದೆ.

ಇನ್ನೊಂದು ತೊಡಕು, ಕಡಲೆ ಬೇಗ ಹಾರಿಹೋಗುತ್ತದೆ. ಮೂಸುವ ಕಾಗದದ ಪಟ್ಟಿಗೆ ಹಚ್ಚಿ ಹತ್ತು ನಿಮಿಷಕ್ಕೆ ಒಮ್ಮೆ, ಎರಡು ಗಂಟೆಗೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಮೂಸಿ. ಮರುದಿನ ಬರೀ ವೆನಿಲ್ಲಾ ಉಳಿದಿದ್ದರೆ ಪೈರಜಿನ್ ಹೆಚ್ಚಿಸಬೇಡಿ, ಲಾವಂಚವನ್ನು 0.6ರಿಂದ 1 ಗ್ರಾಂಗೆ ಏರಿಸಿ. ಮಣ್ಣಿನ ಜೊತೆಗೆ ಲಾವಂಚದೊಳಗೆ ಸಿಪ್ಪೆ ಸಮೇತದ ಕಡಲೆಬೀಜದ ಛಾಯೆಯೂ ಇದೆ. ಅದು ನಿಧಾನವಾಗಿ ಬಿಡುವ ಎಣ್ಣೆಯಾದ್ದರಿಂದ ಮೇಲಿನ ಹುರಿದ ವಾಸನೆ ಇಳಿದಾಗ ಜಾಗ ಹಿಡಿಯುತ್ತದೆ. ಗಂಧ ಇಲ್ಲಿ ಮಾತಾಡಬಾರದು, ಎಲ್ಲವನ್ನೂ ಹಿಡಿದು ಕೂರಬೇಕು ಅಷ್ಟೆ. ಈ ದುಬಾರಿ ಕಾಲದಲ್ಲಿ 0.1 ಗ್ರಾಂ ಗಂಧದೆಣ್ಣೆಯೂ ಲೆಕ್ಕವೇ, ಆದರೂ ನಾನು ಬಿಡುವುದಿಲ್ಲ.

ಬೆರೆಸಿದ ದಿನ ತೀರ್ಪು ಬೇಡ. ಕಂದು ಬಾಟಲಿಯಲ್ಲಿ, ಬೆಳಕಿಲ್ಲದ ಕಡೆ ಹತ್ತು ಹದಿನೈದು ದಿನ ಕೂತರೆ ವಾಸನೆಯ ಚೂಪು ಮೂಲೆಗಳು ಮೆತ್ತಗಾಗುತ್ತವೆ. ಬಿಳಿ ಸೋಪಿಗೆ ಈ ಕಂಪೌಂಡ್ ಹಾಕಿದರೆ ವೆನಿಲಿನ್‌ನಿಂದ ಸೋಪು ಕಂದಾಗುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡಿ. ಕಡಲೆಬೀಜದ ಅಲರ್ಜಿ ಇದೆಯೆಂದು ಯಾರಾದರೂ ಕೇಳಿದರೆ, ಮೇಲಿನ ಅಳತೆಯಲ್ಲಿ ನಿಜವಾದ ಕಡಲೆಬೀಜ ಒಂದು ಹನಿಯೂ ಇಲ್ಲ. ಆದರೆ ಅತ್ತರಿಗೆ ಕಡಲೆಕಾಯಿ ಎಣ್ಣೆಯನ್ನು ಬೇಸ್ ಮಾಡಿಕೊಳ್ಳಲೇಬೇಡಿ.

ಬತ್ತಿಗೆ ಅದ್ದುವಾಗ ಪೈರಜಿನ್ ಎರಡನ್ನೂ ಅರ್ಧಕ್ಕೆ ಇಳಿಸುತ್ತೇನೆ, ಇದ್ದಿಲು ಉರಿದಾಗ ಸುಟ್ಟ ವಾಸನೆ ತಾನಾಗಿಯೇ ಬರುತ್ತದೆ. ಒಂದು ಪಾಲು ಕಂಪೌಂಡಿಗೆ ಮೂರು ಪಾಲು ಡಿಇಪಿ (ಡೈಈಥೈಲ್ ಥ್ಯಾಲೇಟ್, ಇದೂ ಒಂದು ದ್ರಾವಕ). ಕಚ್ಚಾ ಬತ್ತಿ ಅದ್ದಿ, ಸೋರಿಸಿ, ನೆರಳಲ್ಲಿ ಒಂದು ದಿನ. ಮಲ್ಲಿಗೆ ಬತ್ತಿ ಒಣಗುತ್ತಿರುವ ಕೋಣೆಯಲ್ಲಿ ಮಾತ್ರ ಹರಡಬೇಡಿ, ಎರಡೂ ಕೆಡುತ್ತವೆ.