ಮೆಣಸಿನಕಾಯಿ ಪೇಟೆಯಲ್ಲಿ ಕಲಿತ ‘ಬಹಳ’

ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಅದೇ ವರ್ಷ ನಾನು ಬ್ಯಾಡಗಿ ಪೇಟೆಯ ಒಂದು ದಲಾಲಿ ಅಂಗಡಿಗೆ ಪತ್ರವ್ಯವಹಾರ ನೋಡಿಕೊಳ್ಳಲು ಸೇರಿದೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ‘ಬಹಳ’ ಎನ್ನಬೇಕಾದರೆ ನನಗೆ ಗೊತ್ತಿದ್ದ ಇಂಗ್ಲಿಷ್ ಮಾತುಗಳು ಎರಡೇ: ‘ವೆರಿ ಮಚ್’ ಮತ್ತು ‘ಟೂ ಮಚ್’. ಪೇಟೆಯಲ್ಲಿ ನೋಡಿದರೆ ಎಲ್ಲವೂ ಬಹಳವೇ. ಹಂಗಾಮು ಜೋರಾದಾಗ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬಂದು ಬೀಳುತ್ತವೆ. ಘಾಟಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಮಾಲರು ಓಡಾಡುತ್ತಾರೆ, ಅಂಗಳ ಕಣ್ಣು ಹಾಯುವಷ್ಟು ದೂರ ಕೆಂಪಾಗಿರುತ್ತದೆ. ಅದನ್ನು ಹೊರರಾಜ್ಯದ ಖರೀದಿದಾರರಿಗೆ ಇಂಗ್ಲಿಷಿನಲ್ಲಿ ತಿಳಿಸುವುದು ನನ್ನ ಕೆಲಸ.

ಸೇರಿದ ಮೊದಲ ತಿಂಗಳಲ್ಲೇ ಎಡವಿದೆ. ಕೊಚ್ಚಿಯ ಕಡೆಯ ಖರೀದಿದಾರರೊಬ್ಬರು ಕಡ್ಡಿ ಮೆಣಸಿನಕಾಯಿ ಇದೆಯೇ ಎಂದು ವಿಚಾರಿಸಿದ್ದರು. ನೆರಿಗೆ ನೆರಿಗೆಯಾದ ಉದ್ದನೆಯ ಕಾಯಿ ಅದು, ಖಾರ ಕಡಿಮೆ, ಬಣ್ಣ ದಟ್ಟ. ಕಾಯಿಯಿಂದ ಬಣ್ಣ ತೆಗೆದು ಮಾರುವ ಕಾರ್ಖಾನೆಗಳಿಗೆ ಅದೇ ಬೇಕು. ಬೇಕಾದಷ್ಟಿದೆ ಎಂದು ತಿಳಿಸಲು ‘ವಿ ಹ್ಯಾವ್ ಟೂ ಮಚ್ ಸ್ಟಾಕ್’ ಎಂದು ಬರೆದೆ. ಮರುದಿನ ಅವರು ಫೋನ್ ಮಾಡಿ ನಾವು ಹೇಳಿದ್ದಕ್ಕಿಂತ ತೀರಾ ಕಡಿಮೆ ದರ ಕೇಳಿದರು. ಯಾಕೆ ಎಂದರೆ, ‘ಇಟ್ಟುಕೊಳ್ಳಲಾರದಷ್ಟು ಮಾಲಿದೆ ಎಂದು ನೀವೇ ಬರೆದಿದ್ದೀರಲ್ಲ!’

ಸಾಹುಕಾರರು ಬೈಯಲಿಲ್ಲ. ‘ತಮ್ಮಾ, ಇನ್ನು ಮೇಲೆ ಮಾಲನ್ನು ತೂಗಿದ ಹಾಗೆ ಮಾತನ್ನೂ ತೂಗಿ ಬರಿ’ ಎಂದರು. ಆ ರಾತ್ರಿಯೇ ಒಂದು ನೋಟ್ ಪುಸ್ತಕ ತೆಗೆದುಕೊಂಡು ಕುಳಿತೆ.

ಮೊದಲು ಬರೆದದ್ದು ‘ಟೂ’ ಎಂಬುದಕ್ಕೆ. ‘ತುಂಬಾ’ ಎಂದು ಅದರ ಅರ್ಥ ಬಾಯಿಪಾಠ ಮಾಡಿದ್ದೇ ತಪ್ಪಿನ ಬೇರು. ಅದರ ನಿಜವಾದ ಕನ್ನಡ ‘ಸಾರಿಗೆ ಉಪ್ಪು ಹೆಚ್ಚಾಯಿತು’ ಎನ್ನುವಾಗಿನ ‘ಹೆಚ್ಚಾಯಿತು’. ಮುಖ ಕಿವುಚುವ ಹಾಗಿದ್ದರೆ ಮಾತ್ರ ‘ಟೂ ಮಚ್’, ಬಾಯಿ ಚಪ್ಪರಿಸುವ ಹಾಗಿದ್ದರೆ ಬೇರೆ ಮಾತು. ‘ಮೈ ಮದರ್ ಲವ್ಸ್ ಮಿ ಟೂ ಮಚ್’ ಎಂದು ಮಕ್ಕಳು ಬರೆದದ್ದನ್ನು ಕಂಡಾಗಲೆಲ್ಲ ಈ ಉಪ್ಪಿನ ಉದಾಹರಣೆಯನ್ನೇ ಹೇಳುತ್ತೇನೆ.

ಹಾಗಾದರೆ ‘ಟೂ’ ಬಿಟ್ಟು ‘ವಿ ಹ್ಯಾವ್ ಮಚ್ ಸ್ಟಾಕ್’ ಎನ್ನಬಹುದೇ? ಅದೂ ಕಿವಿಗೆ ಹೊಂದುವುದಿಲ್ಲ. ಇಂಗ್ಲಿಷಿನವರು ‘ಮಚ್’ ಅನ್ನು ಹೆಚ್ಚಾಗಿ ಪ್ರಶ್ನೆಯಲ್ಲಿ, ‘ಇಲ್ಲ’ ಎನ್ನುವ ಮಾತಿನಲ್ಲಿ ಬಳಸುತ್ತಾರೆ. ‘ಇದೆ’ ಎನ್ನುವಾಗ ‘ಎ ಲಾಟ್ ಆಫ್’ ಅಥವಾ ‘ಪ್ಲೆಂಟಿ ಆಫ್’. ವ್ಯಾಪಾರದ ಪತ್ರಕ್ಕೆ ‘ಆಂಪಲ್ ಸ್ಟಾಕ್’ ಇನ್ನೂ ಚೆನ್ನ: ಬೇಕಾದಷ್ಟಿದೆ, ಭಾರವಾಗಿಲ್ಲ ಎಂಬ ಎರಡೂ ಅದರಲ್ಲಿವೆ.

‘ಮಚ್’ ಮತ್ತು ‘ಮೆನಿ’ಗಳ ಗೊಂದಲ ಬಿಡಿಸಿಕೊಟ್ಟದ್ದು ಕನ್ನಡವೇ. ‘ಬಹಳ’, ‘ತುಂಬಾ’ ಎಲ್ಲದಕ್ಕೂ ನಡೆಯುತ್ತವೆ, ‘ಹಲವು’ ಹಾಗಲ್ಲ. ‘ಹಲವು ಚೀಲ’ ಎನ್ನುತ್ತೇವೆ, ‘ಹಲವು ಉಪ್ಪು’, ‘ಹಲವು ನೀರು’ ಎಂದು ಸಣ್ಣ ಮಗುವೂ ಹೇಳುವುದಿಲ್ಲ. ‘ಹಲವು’ ಹೊಂದಿದರೆ ‘ಮೆನಿ’, ಹೊಂದದಿದ್ದರೆ ‘ಮಚ್’. ಈ ಪರೀಕ್ಷೆ ಕೈಕೊಡುವ ಕೆಲವು ಪದಗಳಿವೆ. ‘ಹಲವು ಮಾಹಿತಿಗಳು’, ‘ಹಲವು ಸಲಹೆಗಳು’, ‘ಹಲವು ಉಪಕರಣಗಳು’ ನಮಗೆ ಸಹಜ. ಇಂಗ್ಲಿಷಿನ ‘ಇನ್ಫರ್ಮೇಷನ್’, ‘ಅಡ್ವೈಸ್’, ‘ಎಕ್ವಿಪ್‌ಮೆಂಟ್’, ‘ಫರ್ನಿಚರ್’, ‘ಲಗೇಜ್’ ಎಣಿಕೆಗೆ ಸಿಗುವುದಿಲ್ಲ, ಬಹುವಚನವನ್ನೂ ಒಪ್ಪುವುದಿಲ್ಲ. ನಮ್ಮವರ ತಪ್ಪುಗಳೆಲ್ಲ ಇಲ್ಲೇ ಗುಂಪುಗೂಡಿವೆ. ಈ ಐದನ್ನು ರಟ್ಟಿನ ಮೇಲೆ ಬರೆದು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದೆ.

ನನಗೆ ತುಂಬಾ ಸಂತೋಷ ಕೊಟ್ಟ ಇನ್ನೊಂದು ಸಂಗತಿ ಇದೆ. ‘ಎರಡು ಸಾವಿರ ಚೀಲ’ ಎಂಬುದು ‘ಟು ಥೌಸಂಡ್ ಬ್ಯಾಗ್ಸ್’, ‘ಸಾವಿರಾರು ಚೀಲ’ ಎಂಬುದು ‘ಥೌಸಂಡ್ಸ್ ಆಫ್ ಬ್ಯಾಗ್ಸ್’. ಎಲ್ಲಿ ಕೊನೆಗೆ ‘ಸ್’ ಹಚ್ಚಬೇಕು, ಎಲ್ಲಿ ‘ಆಫ್’ ಬೇಕು ಎಂದು ಎಷ್ಟು ದಿನ ತಡಕಾಡಿದ್ದೆ! ‘ಎರಡು ಸಾವಿರಾರು ಚೀಲ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲವಲ್ಲ, ಹಾಗೆಯೇ ‘ಟು ಥೌಸಂಡ್ಸ್ ಆಫ್ ಬ್ಯಾಗ್ಸ್’ ಕೂಡ ಸಲ್ಲದು. ನಮ್ಮ ‘ನೂರಾರು’, ‘ಸಾವಿರಾರು’, ‘ಲಕ್ಷಾಂತರ’ಗಳು ಇರುವ ಕಡೆ ಅವರ ‘ಸ್’ ಮತ್ತು ‘ಆಫ್’ ಇರುತ್ತವೆ. ‘ಲಾರಿಗಟ್ಟಲೆ’ ಎಂಬುದರ ‘ಗಟ್ಟಲೆ’ಯೂ ಹೀಗೆಯೇ: ‘ಟ್ರಕ್‌ಲೋಡ್ಸ್ ಆಫ್’. ವಿದೇಶದವರಿಗೆ ಬರೆಯುವಾಗ ಲಕ್ಷ ಎನ್ನದೆ ‘ಹಂಡ್ರೆಡ್ ಥೌಸಂಡ್’ ಎನ್ನಬೇಕು, ಅಷ್ಟೇ.

‘ಟನ್ಸ್ ಆಫ್’ ಎಂಬುದು ಮಾತುಕತೆಯಲ್ಲಿ ಬಹಳ ಎಂಬುದಕ್ಕೆ ಚೆನ್ನಾಗಿ ಒಪ್ಪುತ್ತದೆ. ನಿಜವಾಗಿಯೂ ಟನ್ನಿನಲ್ಲಿ ಮಾಲು ಕಳಿಸುವವರು ಹಾಗೆ ಬರೆದರೆ ಎಷ್ಟು ಟನ್ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಬಿಟ್ಟೆ. ‘ಬಹಳ’ ಎನ್ನಲು ಕೆಲವರು ಬಳಸುವ ‘ಪ್ಲೆಥೋರಾ’ವನ್ನೂ ಬಿಟ್ಟೆ. ಅದು ಗ್ರೀಕಿನಿಂದ ಬಂದದ್ದು, ಮೈಯಲ್ಲಿ ರಕ್ತ ಹೆಚ್ಚಾದ ಕಾಯಿಲೆಯ ಹೆಸರಾಗಿ ವೈದ್ಯರ ಬಾಯಲ್ಲಿತ್ತು. ಅತಿಯಾಯಿತು ಎಂಬ ವಾಸನೆ ಅದಕ್ಕೆ ಈಗಲೂ ಹತ್ತಿಕೊಂಡಿದೆ.

‘ಲಾಟ್’ ಎಂಬ ಪದ ನನಗೆ ಅರ್ಥವಾದದ್ದು ನಿಘಂಟಿಗಿಂತ ಮೊದಲು ಪೇಟೆಯ ಅಂಗಳದಲ್ಲಿ. ರೈತನ ಚೀಲಗಳನ್ನು ಒಂದೆಡೆ ಒಟ್ಟಿದರೆ ಅದೊಂದು ಲಾಟ್. ಅದಕ್ಕೊಂದು ನಂಬರ್, ಟೆಂಡರ್ ಹಾಕುವುದು ಆ ನಂಬರಿನ ಮೇಲೆ. ಹಳೆಯ ಇಂಗ್ಲಿಷಿನಲ್ಲಿ ಇದು ಚೀಟಿ ಎತ್ತುವಾಗ ಹಾಕುವ ತುಂಡಿನ ಹೆಸರು. ಆಮೇಲೆ ಹಾಗೆ ಎತ್ತಿ ಬಂದ ಪಾಲಿಗೆ, ಹರಾಜಿಗಿಟ್ಟ ಸರಕಿನ ಗುಂಪಿಗೆ, ಕಡೆಗೆ ‘ಬಹಳ’ ಎಂಬುದಕ್ಕೇ ಅದು ಹೆಸರಾಯಿತು. ‘ಎ ಗ್ರೇಟ್ ಡೀಲ್ ಆಫ್’ ಎಂಬುದರ ‘ಡೀಲ್’ ಕೂಡ ಮೂಲದಲ್ಲಿ ಪಾಲೇ. ‘ಬಹಳ’ ಎನ್ನುವ ಇನ್ನೊಂದು ಪದ ‘ಗಲೋರ್’ ಐರಿಷ್ ಭಾಷೆಯದು. ಅಲ್ಲಿ ಅದರ ಮೂಲ ಅರ್ಥ ‘ಸಾಕಾಗುವಷ್ಟು’. ನಮ್ಮ ‘ಸಾಕಷ್ಟು’ ಎಂಬುದೂ ಸಾಕು ಎಂಬಲ್ಲಿಂದ ಹೊರಟು ಬಹಳ ಎಂಬಲ್ಲಿಗೆ ಬಂದು ನಿಂತಿದೆ. ಹಾಗಾಗಿ ‘ಸಾಕಷ್ಟು ಮಾಲಿದೆ’ ಎಂಬುದನ್ನು ಕಣ್ಣುಮುಚ್ಚಿ ‘ಇನಫ್’ ಎಂದು ಬರೆಯಬಾರದು. ‘ಇನಫ್’ ಎಂದರೆ ಅಳತೆಗೆ ಸರಿಯಾಗಿದೆ ಎಂದಷ್ಟೇ.

‘ಆವಕ ಹೆಚ್ಚಾಗಿದೆ’ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಇಂಗ್ಲಿಷ್ ಪತ್ರಿಕೆಗಳ ವಾಣಿಜ್ಯ ಪುಟ ಓದುತ್ತಾ ನಾನು ಕಂಡುಕೊಂಡದ್ದು ‘ಹೆವಿ ಅರೈವಲ್ಸ್’ ಎಂಬ ಮಾತನ್ನು. ಬೆಳೆ ಚೆನ್ನಾಗಿ ಬಂದರೆ ‘ಬಂಪರ್ ಕ್ರಾಪ್’. ಅದೇ ಮಾಲು ಕೊಳ್ಳುವವರಿಲ್ಲದೆ ಕುಳಿತರೆ ‘ಗ್ಲಟ್’. ಗಂಟಲಿಗಿಂತ ದೊಡ್ಡ ತುತ್ತು ನುಂಗಿದಂತಹ ಪದ ಅದು. ರೈತನಿಗೆ ಅದರ ಅರ್ಥ ದರ ಕುಸಿತ.

2024ರ ಮಾರ್ಚ್‌ನಲ್ಲಿ ದರ ಕುಸಿದು, ರೈತರ ಸಿಟ್ಟು ಕಟ್ಟೆಯೊಡೆದು ಪೇಟೆಯಲ್ಲಿ ವಾಹನಗಳು ಹೊತ್ತಿ ಉರಿದವು. ಆ ವಾರವೂ ಖರೀದಿದಾರರಿಗೆ ಪತ್ರ ಹೋಗಬೇಕಿತ್ತು. ‘ಗ್ಲಟ್’ ಎಂದು ಬರೆದರೆ ದರ ಇನ್ನೂ ಜಗ್ಗುತ್ತಾರೆ, ‘ಆಂಪಲ್’ ಎಂದರೆ ಕಣ್ಣೆದುರಿನ ಸಂಕಟಕ್ಕೆ ಬಣ್ಣ ಹಚ್ಚಿದಂತೆ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತೆ. ಕೊನೆಗೆ ಬಂದ ಚೀಲಗಳ ಲೆಕ್ಕವನ್ನಷ್ಟೇ ಬರೆದು, ಅದರ ಹಿಂದೆ ಮುಂದೆ ಯಾವ ಮಾತನ್ನೂ ಸೇರಿಸದೆ ಕಳಿಸಿದೆ.