ತುತ್ತಿಗೇ ತುತ್ತು ಉಣಿಸುವುದು ಹೇಗೆ?

ಸಮುದ್ರ ಮೀನಿನ ಹ್ಯಾಚರಿಯಲ್ಲಿ ಮೊಟ್ಟೆ ಒಡೆಸುವುದು ಅರ್ಧ ಕೆಲಸವೂ ಅಲ್ಲ. ಒಡೆದು ಬಂದ ಮರಿಯನ್ನು ಮೂರು ವಾರ ದಾಟಿಸಬೇಕಲ್ಲ, ಬೆವರಿಳಿಯುವುದು ಅಲ್ಲಿ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2010ರಲ್ಲಿ ತಮಿಳುನಾಡಿನ ಮಂಡಪಂನಲ್ಲಿ ಮರಿ ಮಾಡಿಸಿದ ಕೋಬಿಯಾ ಎಂಬ ಕಡಲ ಮೀನನ್ನೇ ನೋಡಿ. ಮೂರನೇ ದಿನಕ್ಕೆ ಬಾಯಿ ತೆರೆಯುತ್ತದೆ, ಆ ಬಾಯಿಯ ಅಳತೆ ಸುಮಾರು 230 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಒಣ ಆಹಾರ ಕೊಟ್ಟರೆ ತಿರುಗಿಯೂ ನೋಡದು. ಕಣ್ಣೆದುರು ಓಡಾಡುವ ಜೀವಿಯೇ ಬೇಕು. ಹಾಗಾಗಿ ಮೊದಲು ರೋಟಿಫರ್ ಎಂಬ ಅತಿ ಸಣ್ಣ ಜಲಜೀವಿ, ಎಂಟನೇ ದಿನದ ಆಸುಪಾಸಿನಿಂದ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿಯ ಮರಿ. ಹ್ಯಾಚರಿಯಿಂದ ಕಾರವಾರ, ಕುಂದಾಪುರದ ಪಂಜರಗಳಿಗೆ ಬರುವ ಸೀಬಾಸ್ ಮರಿಗಳೂ ಬಾಲ್ಯದಲ್ಲಿ ತಿಂದದ್ದು ಇವನ್ನೇ.

ತೊಂದರೆ ಏನೆಂದರೆ, ಒಣ ಮೊಟ್ಟೆಯಾಗಿ ಡಬ್ಬಿಯಲ್ಲಿ ಬರುವ ಆರ್ಟೀಮಿಯಾದಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಇಲ್ಲವೇ ಇಲ್ಲ ಎನ್ನಬಹುದು. ಮರಿಯ ಮಿದುಳು, ಕಣ್ಣು, ನರ ಎಲ್ಲ ಕಟ್ಟಿಕೊಳ್ಳುವುದು ಅದರಿಂದ. ಸಿಹಿನೀರಿನ ಎಷ್ಟೋ ಮೀನುಗಳು ಸಸ್ಯದ ಎಣ್ಣೆಯಿಂದಲೇ ಅದನ್ನು ಒಳಗೊಳಗೇ ತಯಾರಿಸಿಕೊಳ್ಳುತ್ತವೆ. ಕಡಲ ಮೀನಿಗೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಾವು ಮೊದಲು ಆರ್ಟೀಮಿಯಾಕ್ಕೆ ಎಣ್ಣೆ ಉಣಿಸಬೇಕು, ಆಮೇಲೆ ಆರ್ಟೀಮಿಯಾವನ್ನು ಮೀನಿಗೆ ಉಣಿಸಬೇಕು.

ಲೆಕ್ಕಕ್ಕೆ ಒಂದು ಸಾವಿರ ಲೀಟರಿನ ಮರಿ ತೊಟ್ಟಿ ಇಟ್ಟುಕೊಳ್ಳೋಣ. ಮಿಲಿಲೀಟರಿಗೆ ಎರಡು ಆರ್ಟೀಮಿಯಾದಂತೆ ಒಂದು ಹೊತ್ತಿಗೆ 20 ಲಕ್ಷ ಬೇಕು. ಒಳ್ಳೆಯ ಡಬ್ಬಿಯಾದರೆ ಒಂದು ಗ್ರಾಂ ಮೊಟ್ಟೆಯಿಂದ ಎರಡು ಲಕ್ಷಕ್ಕೆ ಮೋಸವಿಲ್ಲ, ಅಂದರೆ 10 ಗ್ರಾಂ. ಅಡಿ ಚೂಪಾದ ಪಾತ್ರೆಯಲ್ಲಿ ಐದು ಲೀಟರ್ ಶುದ್ಧ ಸಮುದ್ರದ ನೀರಿಗೆ ಹಾಕಿ. ಉಷ್ಣತೆ 28 ಡಿಗ್ರಿ, ಮೇಲೊಂದು ಟ್ಯೂಬ್‌ಲೈಟ್, ತಳದಿಂದ ಜೋರು ಗಾಳಿ. ಹೆಚ್ಚೆಂದರೆ ಒಂದು ದಿನದಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದವು ತಳಕ್ಕೆ ಕೂರುತ್ತವೆ. ಕಿತ್ತಳೆ ಬಣ್ಣದ ಮರಿಗಳು ಬೆಳಕು ಹಿಡಿದ ಕಡೆ ಗುಂಪುಗೂಡುತ್ತವೆ. ಸಿಪ್ಪೆ ಬಾರದಂತೆ ಅವನ್ನಷ್ಟೇ ಸೈಫನ್ ಮಾಡಿ 120 ಮೈಕ್ರಾನ್ ಬಲೆಯಲ್ಲಿ ಸೋಸಿಕೊಳ್ಳಿ.

ಇಲ್ಲಿ ಆತುರ ಬೇಡ. ಆಗಷ್ಟೇ ಒಡೆದ ಆರ್ಟೀಮಿಯಾಕ್ಕೆ ಬಾಯಿಯೇ ತೆರೆದಿರುವುದಿಲ್ಲ. ಸುಮಾರು ಎಂಟು ಗಂಟೆಯಲ್ಲಿ ಒಮ್ಮೆ ಪೊರೆ ಕಳಚಿದ ಮೇಲೆಯೇ ಅದು ತಿನ್ನಲು ಶುರುಮಾಡುವುದು. ಅದಕ್ಕೂ ಮೊದಲು ಸುರಿದ ಎಣ್ಣೆ ಬ್ಯಾಕ್ಟೀರಿಯಾದ ಪಾಲು. ಹೊಸದರಲ್ಲಿ ನಾನು ಸಂಜೆಯೇ ಎಣ್ಣೆ ಹಾಕಿ, ಗಾಳಿಯನ್ನೂ ಸಣ್ಣಗೆ ಇಟ್ಟು ಮಲಗಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಡ್ರಮ್ಮಿನ ಮೇಲೆ ಕಡೆದ ಮಜ್ಜಿಗೆಯಂಥ ನೊರೆ, ತಳದಲ್ಲಿ ಕಿತ್ತಳೆ ಬಣ್ಣದ ಕೆಸರು. ವಾಸನೆಯಂತೂ ಕೇಳಬೇಡಿ.

ಬಾಯಿ ತೆರೆದ ಮರಿಗಳನ್ನು ಹತ್ತು ಲೀಟರ್ ಹೊಸ ನೀರಿಗೆ ಬಿಡಿ. ಮಿಲಿಲೀಟರಿಗೆ 200 ಬಂತು. ಅದಕ್ಕಿಂತ ದಟ್ಟವಾದರೆ ಆಮ್ಲಜನಕ ಕಾಯ್ದುಕೊಳ್ಳುವುದು ಕಷ್ಟ, ಲೀಟರಿಗೆ 4 ಮಿಲಿಗ್ರಾಮಿಗಿಂತ ಕೆಳಗೆ ಇಳಿಯಲೇಬಾರದು. ಎಮಲ್ಷನ್ (ನೀರಿನಲ್ಲಿ ಬೆರೆಯುವಂತೆ ಮಾಡಿದ ಎಣ್ಣೆ) ಲೀಟರಿಗೆ 0.3 ಗ್ರಾಂನಂತೆ ಮೂರು ಗ್ರಾಂ ತೂಗಿ, ನೀರಿನ ಜತೆ ಮಿಕ್ಸಿಯಲ್ಲಿ ಎರಡು ಮೂರು ನಿಮಿಷ ತಿರುವಿ ಹಾಕಿ. ಹನ್ನೆರಡು ಗಂಟೆಯ ನಂತರ ಇನ್ನೊಮ್ಮೆ ಅಷ್ಟೇ. ತಿರುವುವುದರಲ್ಲಿ ಜುಗ್ಗತನ ಬೇಡ. ಆರ್ಟೀಮಿಯಾ ನೀರು ಸೋಸಿ ತಿನ್ನುವ ಪ್ರಾಣಿ, 50 ಮೈಕ್ರಾನಿಗಿಂತ ದೊಡ್ಡ ಹನಿ ಅದರ ಬಾಯಿಗೆ ಹಿಡಿಸದು.

ಯಾವ ಎಣ್ಣೆ? ದುಡ್ಡಿದ್ದರೆ ಹ್ಯಾಚರಿಗೆಂದೇ ಬರುವ ಎಮಲ್ಷನ್ ತನ್ನಿ. ಲೇಬಲ್ಲಿನಲ್ಲಿ ಇಪಿಎ ಎಂಬ ಇನ್ನೊಂದು ಕೊಬ್ಬಿನಾಮ್ಲಕ್ಕಿಂತ ಡಿಎಚ್‌ಎ ಹೆಚ್ಚಿರಲಿ. ಏಕೆಂದರೆ ತಿಂದ ಡಿಎಚ್‌ಎಯಲ್ಲಿ ಒಂದಷ್ಟನ್ನು ಆರ್ಟೀಮಿಯಾ ಇಪಿಎ ಆಗಿ ಬದಲಿಸಿಬಿಡುತ್ತದೆ. ನಮ್ಮ ಕರಾವಳಿಯಲ್ಲಿ ಸುಲಭಕ್ಕೆ ಸಿಗುವ ಬೂತಾಯಿ ಎಣ್ಣೆಯಲ್ಲಿ ಸಾಮಾನ್ಯವಾಗಿ ಇಪಿಎಯದೇ ಮೇಲುಗೈ. ಟ್ಯೂನಾ ಎಣ್ಣೆ ಈ ಕೆಲಸಕ್ಕೆ ವಾಸಿ. ಬರೀ ಎಣ್ಣೆಯಾದರೆ ನೀರಿನೊಂದಿಗೆ ಬೆರೆಯಲು ಸ್ವಲ್ಪ ಹಸಿ ಮೊಟ್ಟೆಯ ಹಳದಿ ಸೇರಿಸಿ ತಿರುವಬೇಕು. ಕಮಟು ವಾಸನೆ ಬಂದ ಎಣ್ಣೆಯನ್ನು ಮುಲಾಜಿಲ್ಲದೆ ಚೆಲ್ಲಿ.

ಒಟ್ಟು 24 ಗಂಟೆ ಆದಮೇಲೆ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಿ. ಪಾರದರ್ಶಕ ಮೈಯೊಳಗೆ ಕರುಳು ಉದ್ದಕ್ಕೂ ತುಂಬಿ ಕಪ್ಪಾಗಿ ಕಂಡರೆ ಊಟವಾಗಿದೆ ಎಂದರ್ಥ. ಬಲೆಯಲ್ಲಿ ಹಿಡಿದು ಶುದ್ಧ ಸಮುದ್ರದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆಯಿರಿ. ಈ ತೊಳೆತವನ್ನು ತಪ್ಪಿಸಿದರೆ ಎಣ್ಣೆಯ ಜಿಡ್ಡಿನೊಂದಿಗೆ ರೋಗ ತರುವ ವಿಬ್ರಿಯೋ ಬ್ಯಾಕ್ಟೀರಿಯಾವನ್ನೂ ನೀವೇ ಕೈಯಾರೆ ಮರಿ ತೊಟ್ಟಿಗೆ ಸುರಿದಂತೆ.

ತೊಳೆದ ಕ್ಷಣದಿಂದಲೇ ಸೋರಿಕೆ ಶುರು. ಬೆಚ್ಚಗಿನ ನೀರಿನಲ್ಲಿ ಆರ್ಟೀಮಿಯಾ ತಾನು ತಿಂದ ಕೊಬ್ಬನ್ನು ತಾನೇ ಉರಿಸಿಕೊಳ್ಳುತ್ತದೆ. ಆದ್ದರಿಂದ ಈಗ ಬೇಕಾದಷ್ಟನ್ನು ಮಾತ್ರ ಕೊಟ್ಟು, ಉಳಿದದ್ದನ್ನು ಸಣ್ಣಗೆ ಗಾಳಿ ಬಿಟ್ಟು 4 ಡಿಗ್ರಿಯ ತಣ್ಣನೆ ನೀರಿನಲ್ಲಿಟ್ಟು ಮುಂದಿನ ಹೊತ್ತಿಗೆ ಬಳಸಿ. ಹಾಗೆ ಒಂದು ದಿನ ಇಡಬಹುದು.

ಇಷ್ಟೆಲ್ಲ ಆಗಿಯೂ ಊಟ ಸರಿಯಾಗಿದೆಯೇ ಎಂಬ ಅನುಮಾನವಿದ್ದರೆ ಒಂದಿಪ್ಪತ್ತು ಮೀನುಮರಿಗಳನ್ನು ಬಲೆಯಲ್ಲಿ ಎತ್ತಿ ಬೇರೆ ಬಕೆಟ್ಟಿಗೆ ಹಾಕಿ ನೋಡಿ. ಡಿಎಚ್‌ಎ ಕೊರತೆಯ ಸೀಬಾಸ್ ಮರಿ ಅಷ್ಟಕ್ಕೇ ಸೆಟೆದುಕೊಂಡು ತಳ ಸೇರುತ್ತದೆ. ಗಟ್ಟಿ ಮರಿ ಸರ್ರನೆ ಮೂಲೆಗೆ ಓಡುತ್ತದೆ.

ಬೆಳಿಗ್ಗೆ ತೊಟ್ಟಿಯಲ್ಲಿ ನಿನ್ನೆಯ ಆರ್ಟೀಮಿಯಾ ಇನ್ನೂ ಈಜಾಡುತ್ತಿದ್ದರೆ ಉಳಿತಾಯವಾಯಿತೆಂದು ಖುಷಿಪಡಬೇಡಿ. ಅವು ಗಾತ್ರಕ್ಕೆ ಬಲಿತಿರುತ್ತವೆ, ಒಳಗೆ ಎಣ್ಣೆ ಉಳಿದಿರುವುದಿಲ್ಲ. ಹೊರಕೊಳವೆಗೆ 500 ಮೈಕ್ರಾನ್ ಬಲೆ ಕಟ್ಟಿ ನೀರು ಹರಿಸಿದರೆ ಮೀನುಮರಿ ಒಳಗೇ ನಿಲ್ಲುತ್ತದೆ, ಹಳೆಯ ಆರ್ಟೀಮಿಯಾ ಹೊರಬೀಳುತ್ತದೆ. ಹೊಸ ಊಟ ಅದಾದ ಮೇಲೆ.